ವೆಬ್ ಡಿಸೈನ್ ಸಾಫ್ಟ್‌ವೇರ್‌ಗೆ ‘ಬಂದ ದಿನವೇ ಹಾಕಿಕೊಳ್ಳಿ’ ಎಂಬ ಸಲಹೆ ಒಗ್ಗದು

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಸಾಫ್ಟ್‌ವೇರ್ ಅಪ್‌ಗ್ರೇಡ್ ಬಗ್ಗೆ ಬಂದ ಲೇಖನ ಓದಿದೆ. ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳಿ, ಹಳೆಯದಕ್ಕೆ ಅಂಟಿಕೊಂಡು ಕೂರಬೇಡಿ ಅನ್ನುವುದು ಅದರ ತಿರುಳು. ಬ್ರೌಸರ್, ಮೊಬೈಲ್, ಆಪರೇಟಿಂಗ್ ಸಿಸ್ಟಂ ವಿಷಯದಲ್ಲಿ ಆ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಕೊನೆಯ ಪ್ಯಾರಾದಲ್ಲಿ ವೆಬ್ ಡಿಸೈನ್ ಸಾಫ್ಟ್‌ವೇರನ್ನೂ ಅದೇ ಸಾಲಿಗೆ ತಂದು ನಿಲ್ಲಿಸಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿ.

ನಾನು ಸಣ್ಣಪುಟ್ಟ ವೆಬ್‌ಸೈಟ್ ಮಾಡಿಕೊಡುವವಳು. ಹೊಸದನ್ನು ಕಟ್ಟುವುದಕ್ಕಿಂತ ಕಟ್ಟಿದ್ದನ್ನು ನೋಡಿಕೊಳ್ಳುವ ಕೆಲಸವೇ ಜಾಸ್ತಿ. ನಾನು ಬಳಸುವ ಡಿಸೈನ್ ಸಾಫ್ಟ್‌ವೇರ್‌ಗೆ ಹೊಸ ಆವೃತ್ತಿ ಬಂದಿದೆ. ಕಂಪ್ಯೂಟರ್ ಆನ್ ಮಾಡಿದರೆ ಸಾಕು, ಮೂಲೆಯಲ್ಲಿ ‘ಈಗಲೇ ಅಪ್‌ಗ್ರೇಡ್ ಮಾಡಿ’ ಅಂತ ಒಂದು ಚೌಕ ಇಣುಕುತ್ತದೆ. ‘ಆಮೇಲೆ ನೆನಪಿಸು’ ಒತ್ತಿ ಕೆಲಸಕ್ಕೆ ಕೂರುತ್ತೇನೆ. (ಆ ಸಾಫ್ಟ್‌ವೇರಿನ ಹೆಸರು ಇಲ್ಲಿ ಬೇಡ. ನನ್ನ ಪತ್ರ ಜಾಹೀರಾತೂ ಆಗಬಾರದು, ದೂರೂ ಆಗಬಾರದು.) ನಿಮ್ಮ ಲೇಖನದ ಲೆಕ್ಕದಲ್ಲಿ ಇದು ಸೋಮಾರಿತನ. ನನ್ನ ಲೆಕ್ಕ ಏನು ಅಂತ ಹೇಳುತ್ತೇನೆ.

ಒಂದು ವೆಬ್‌ಸೈಟಿನ ಹಿಂದೆ ಎರಡು ಬಗೆಯ ಸಾಫ್ಟ್‌ವೇರ್ ಕೆಲಸ ಮಾಡುತ್ತದೆ. ಒಂದು, ಸರ್ವರ್ ಮೇಲೆ ಕೂತು ಹಗಲೂ ರಾತ್ರಿ ಲೋಕಕ್ಕೆಲ್ಲ ಬಾಗಿಲು ತೆರೆದಿಟ್ಟಿರುವುದು: ಸೈಟ್ ನಡೆಸುವ ವರ್ಡ್‌ಪ್ರೆಸ್, ಅದಕ್ಕೆ ಸೌಲಭ್ಯ ಸೇರಿಸುವ ಪ್ಲಗಿನ್‌ಗಳು, ಅದನ್ನು ಬರೆದಿರುವ ಪಿಎಚ್‌ಪಿ ಭಾಷೆ, ಮಾಹಿತಿ ಇಡುವ ಡೇಟಾಬೇಸ್. ಇನ್ನೊಂದು, ನನ್ನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಪುಟ ತಯಾರಿಸಲಿಕ್ಕೆ ಮಾತ್ರ ಇರುವುದು. ಮೊದಲನೆಯದರಲ್ಲಿ ಒಂದು ತೂತು ಇದೆ ಅಂತ ಸುದ್ದಿಯಾಯಿತೋ, ಆ ತೂತು ಎಲ್ಲೆಲ್ಲಿ ಮುಚ್ಚಿಲ್ಲ ಅಂತ ಹುಡುಕಿಕೊಂಡು ಬಾಟ್‌ಗಳು ಎಂಬ ತಾವಾಗಿಯೇ ಓಡುವ ಪ್ರೋಗ್ರಾಂಗಳು ಹೊರಟುಬಿಡುತ್ತವೆ. ನಿಮ್ಮ ಸೈಟು ದೊಡ್ಡದಾ ಚಿಕ್ಕದಾ ಅಂತ ಅವು ನೋಡುವುದಿಲ್ಲ. ಪಿಎಚ್‌ಪಿ 5.6ಕ್ಕೆ ಭದ್ರತೆಯ ತಿದ್ದುಪಡಿ ಸಿಗುವುದು 2018ರ ಡಿಸೆಂಬರ್ 31ಕ್ಕೆ ನಿಂತಿತು. ಆ ದಿನದ ನಂತರವೂ ಅದರ ಮೇಲೇ ಸೈಟ್ ಓಡಿಸಿದವರು ಬೀಗವಿಲ್ಲದ ಮನೆಯಲ್ಲಿ ಮಲಗಿದ ಹಾಗೆ. ಮುಂದಿನ ಆವೃತ್ತಿಗೆ ಹೋಗುವುದೂ ಸಲೀಸಾಗಿರಲಿಲ್ಲ ಅನ್ನಿ. 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಡೇಟಾಬೇಸ್ ಮಾತಾಡಿಸುವ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನೇ ಕಿತ್ತುಹಾಕಿದ್ದರು. ಅವನ್ನು ನೆಚ್ಚಿಕೊಂಡ ಸೈಟುಗಳನ್ನು ತಿದ್ದಿ ಬರೆಯದೆ ವಿಧಿ ಇರಲಿಲ್ಲ. ಕಷ್ಟವಾದರೂ ಸರಿ, ಅಲ್ಲಿ ಅಪ್‌ಗ್ರೇಡ್ ಮಾಡಲೇಬೇಕು.

ಎರಡನೆಯದರ ಕಥೆ ಬೇರೆ. ಡಿಸೈನ್ ಸಾಫ್ಟ್‌ವೇರ್ ಕೊನೆಗೆ ಕೊಡುವುದು ಎಚ್‌ಟಿಎಂಎಲ್ (ಪುಟದ ವಿಷಯ), ಸಿಎಸ್‌ಎಸ್ (ಅದರ ಅಲಂಕಾರ), ಜಾವಾಸ್ಕ್ರಿಪ್ಟ್ (ಅದರ ಚಲನವಲನ) ಮತ್ತು ಚಿತ್ರಗಳ ಫೈಲ್‌ಗಳನ್ನು. ಸರ್ವರ್‌ಗೆ ಏರುವುದು ಅಷ್ಟೇ. ಪುಟ ಯಾವ ವರ್ಷದ ಆವೃತ್ತಿಯಲ್ಲಿ ತಯಾರಾಯಿತು ಅನ್ನುವುದು ಓದುಗರಿಗೆ ಗೊತ್ತಾಗುವುದೂ ಇಲ್ಲ, ಬೇಕಾಗಿಯೂ ಇಲ್ಲ. ಮೇಜಿನ ಮೇಲಿನ ಸಾಫ್ಟ್‌ವೇರಿನಲ್ಲಿ ತೂತೇ ಇರುವುದಿಲ್ಲ ಅಂತಲ್ಲ. ಯಾರೋ ಕೇಡಿಗರು ಕಳಿಸಿದ ಫೈಲ್ ತೆರೆದರೆ ಅದರಿಂದಲೂ ಅನಾಹುತ ಆಗಬಹುದು. ಅದಕ್ಕೇ ನನ್ನ ಆವೃತ್ತಿಗೆ ಬರುವ ಸಣ್ಣ ತಿದ್ದುಪಡಿಗಳನ್ನು ತಪ್ಪದೆ ಹಾಕಿಕೊಳ್ಳುತ್ತೇನೆ. ಇಡೀ ಮೆನುಗಳೇ ಬದಲಾಗುವ, ಫೈಲ್ ಉಳಿಸುವ ರೀತಿಯೇ ಬದಲಾಗುವ ದೊಡ್ಡ ಆವೃತ್ತಿಯ ಬಗ್ಗೆ ನಾನು ಹೇಳುತ್ತಿರುವುದು.

ಈ ವ್ಯತ್ಯಾಸ ನನ್ನ ತಲೆಯಲ್ಲಿ ಹುಟ್ಟಿದ್ದೇನೂ ಅಲ್ಲ. ವರ್ಡ್‌ಪ್ರೆಸ್‌ನವರನ್ನೇ ನೋಡಿ. 2013ರ ಅಕ್ಟೋಬರ್‌ನಲ್ಲಿ 3.7 ಆವೃತ್ತಿ ತಂದಾಗ, ಭದ್ರತೆಯ ಸಣ್ಣ ತಿದ್ದುಪಡಿಗಳು ತಾವಾಗಿಯೇ ಕೂರುವ ಏರ್ಪಾಡು ಮಾಡಿದರು. ದೊಡ್ಡ ಆವೃತ್ತಿಗೆ ಹೋಗುವ ಗುಂಡಿಯನ್ನು ಮಾತ್ರ ಆಗ ನಮ್ಮ ಕೈಯಲ್ಲೇ ಬಿಟ್ಟರು. 2018ರ ಡಿಸೆಂಬರ್‌ನಲ್ಲಿ 5.0 ಬಂತು. ಬರೆಯುವ ಜಾಗವೇ ಬದಲಾಗಿ, ಪ್ಯಾರಾಕ್ಕೊಂದು, ಚಿತ್ರಕ್ಕೊಂದು ಬ್ಲಾಕ್ ಅನ್ನುವ ಪದ್ಧತಿ ಶುರುವಾಯಿತು. ಆಗಲೂ ಹಳೆಯ ಬರೆಯುವ ಜಾಗವೇ ಬೇಕು ಅನ್ನುವವರಿಗೆ ಅಂತ ‘ಕ್ಲಾಸಿಕ್ ಎಡಿಟರ್’ ಪ್ಲಗಿನ್ ಕೊಟ್ಟರು. ಅಂದರೆ ಸುರಕ್ಷತೆಯ ತಿದ್ದುಪಡಿಯನ್ನು ತಡಮಾಡುವಂತಿಲ್ಲ, ಕೈಗೆ ರೂಢಿಯಾದ ಕೆಲಸದ ರೀತಿಯನ್ನು ಬದಲಿಸಲು ಸಮಯ ಕೊಡಬಹುದು ಅನ್ನುವುದು ಅವರಿಗೂ ಗೊತ್ತಿತ್ತು. ನಿಮ್ಮ ಲೇಖನದಲ್ಲಿ ಈ ಎರಡೂ ಒಂದೇ ಆಗಿಬಿಟ್ಟಿವೆ.

ಹೊಸ ಆವೃತ್ತಿ ಬಂದಾಗ ಕಂಪನಿಯವರು ಹೇಳುವುದೆಲ್ಲ ಏನು ಸೇರಿದೆ ಅಂತ. ಏನು ಹೋಯಿತು ಅನ್ನುವುದು ಎಲ್ಲೋ ಒಳಗಿನ ಪುಟದಲ್ಲಿ, ಸಣ್ಣಕ್ಷರದಲ್ಲಿ ಇರುತ್ತದೆ. ನಾನು ಮೊದಲು ಓದುವುದು ಆ ಪುಟವನ್ನು.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ಡ್ರೀಮ್‌ವೀವರ್. 1997ರ ಡಿಸೆಂಬರ್‌ನಲ್ಲಿ ಮ್ಯಾಕ್ರೋಮೀಡಿಯಾ ಕಂಪನಿ ತಂದ ಸಾಫ್ಟ್‌ವೇರ್ ಅದು. 2005ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡುಕೊಂಡಿತು. 2007ರ ಸಿಎಸ್3 ಆವೃತ್ತಿಯಲ್ಲಿ ಸ್ಪ್ರೈ ಅಂತ ಒಂದು ಸೌಲಭ್ಯ ಸೇರಿಸಿದರು. ಮೌಸ್ ಇಟ್ಟರೆ ಕೆಳಗೆ ಬಿಚ್ಚಿಕೊಳ್ಳುವ ಮೆನು, ಒತ್ತಿದರೆ ಬದಲಾಗುವ ಟ್ಯಾಬು, ಫಾರಂ ತುಂಬುವಾಗ ತಪ್ಪು ಹಿಡಿಯುವ ಪೆಟ್ಟಿಗೆ, ಇವನ್ನೆಲ್ಲ ಕೋಡ್ ಬರೆಯದೆಯೇ ಕೂರಿಸಬಹುದಿತ್ತು. ಕೋಡ್ ಬಾರದವರಿಗೆ ಅದು ವರದಾನವೇ ಆಗಿತ್ತು. 2012ರಲ್ಲಿ ಅಡೋಬಿ ಸ್ಪ್ರೈ ಕೆಲಸವನ್ನು ನಿಲ್ಲಿಸಿತು. 2013ರ ಸಿಸಿ ಆವೃತ್ತಿಯಲ್ಲಿ ಅದನ್ನು ತೆಗೆದು, ಅಂಥದ್ದೇ ಕೆಲಸಕ್ಕೆ ಜೆಕ್ವೆರಿ ಯುಐ ಎಂಬ ಸಿದ್ಧ ಕೋಡ್‌ಗಳ ಕಟ್ಟನ್ನು ಹಾಕಿತು. ಡೇಟಾಬೇಸ್‌ನಿಂದ ಪುಟಕ್ಕೆ ಮಾಹಿತಿ ತರುವ ಸರ್ವರ್ ಬಿಹೇವಿಯರ್‌ಗಳೂ ಅದೇ ಹೊತ್ತಿಗೆ ಹೋದವು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಪ್ರೈನಲ್ಲಿ ಮಾಡಿದ ಮೆನುಗಳು ಅಪ್‌ಗ್ರೇಡ್ ಆದ ಮರುದಿನ ಕೆಟ್ಟು ಬೀಳಲಿಲ್ಲ. ಅವಕ್ಕೆ ಬೇಕಾದ ಜಾವಾಸ್ಕ್ರಿಪ್ಟ್ ಫೈಲ್ ಸರ್ವರ್ ಮೇಲೇ ಇತ್ತು, ಓಡುತ್ತಲೇ ಇತ್ತು. ಮುಚ್ಚಿಹೋದದ್ದು ಅವನ್ನು ತಿದ್ದುವ ದಾರಿ. ಮೆನುವಿಗೆ ಇನ್ನೊಂದು ಸಾಲು ಸೇರಿಸಬೇಕು ಅಂದರೆ ಹಳೆಯ ಆವೃತ್ತಿಯಲ್ಲಿ ಕೆಳಗಿನ ಪಟ್ಟಿಯಲ್ಲಿ ಒಂದು ಹೆಸರು ಟೈಪ್ ಮಾಡಿದರೆ ಆಗುತ್ತಿತ್ತು. ಹೊಸದರಲ್ಲಿ ಆ ಪಟ್ಟಿಯೇ ಇಲ್ಲ. ಕೋಡ್ ಒಳಗೆ ಇಳಿದು ಕೈಯಾರೆ ಬರೆಯಬೇಕು. ಸೈಟು ನೋಡುವವರಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ, ಗೋಳೆಲ್ಲ ಸೈಟು ನೋಡಿಕೊಳ್ಳುವವರದ್ದು. ಸ್ಪ್ರೈ ತೆಗೆದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಹೊತ್ತಿಗೆ ಜೆಕ್ವೆರಿ ಎಲ್ಲೆಡೆ ಹಬ್ಬಿತ್ತು, ಸ್ಪ್ರೈ ಬೆಳೆಯುವುದು ನಿಂತಿತ್ತು. ಆದರೆ ಸ್ಪ್ರೈ ಮೆನು ಇರುವ ಸೈಟುಗಳನ್ನು ನೋಡಿಕೊಳ್ಳುವವರು, ಅಪ್‌ಗ್ರೇಡ್ ಮಾಡುವ ಮೊದಲೇ ಆ ಮೆನುಗಳನ್ನು ಬೇರೆ ರೀತಿ ಕಟ್ಟಿಕೊಳ್ಳಬೇಕಿತ್ತು. ಆ ಕೆಲಸಕ್ಕೆ ಬಿಡುವು ಬೇಕು. ಬಂದ ದಿನವೇ ಹಾಕಿಕೊಂಡರೆ ಆ ಬಿಡುವು ಎಲ್ಲಿ ಸಿಗುತ್ತದೆ?

ಈಗ ನನ್ನ ಮೇಜಿಗೆ ಬರುತ್ತೇನೆ. ನಾನು ನೋಡಿಕೊಳ್ಳುವ ಸೈಟುಗಳಲ್ಲಿ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರೊಬ್ಬರದ್ದೂ ಒಂದು. ವರ್ಷಾನುಗಟ್ಟಲೆ ತರಗತಿಗೆ ಬರೆದ ಇಂಗ್ಲಿಷ್ ಟಿಪ್ಪಣಿಗಳನ್ನೆಲ್ಲ ಅದರಲ್ಲಿ ಹಾಕಿದ್ದಾರೆ. ಲೆಕ್ಕಗಳು, ಪ್ರಯೋಗಗಳು, ಅಳತೆಯ ಕೋಷ್ಟಕಗಳು. ಯಾರಿಂದಲೂ ಒಂದು ಬಿಡಿಗಾಸು ಕೇಳಿಲ್ಲ. ಪುಟಗಳನ್ನು ಅವರೇ ತಿದ್ದುತ್ತಾರೆ. ಅದಕ್ಕಾಗಿ ಟೆಂಪ್ಲೇಟ್ ಮಾಡಿಕೊಟ್ಟಿದ್ದೇನೆ. ಮೇಲಿನ ಪಟ್ಟಿ, ಪಕ್ಕದ ಮೆನು, ಕೆಳಗಿನ ಸಾಲು ಎಲ್ಲ ಲಾಕ್ ಆಗಿರುತ್ತವೆ. ನಡುವಿನ ಜಾಗ ಮಾತ್ರ ತೆರೆದಿರುತ್ತದೆ. ಅಲ್ಲಿ ಟೈಪ್ ಮಾಡಿ, ಸೇವ್ ಮಾಡಿ, ಅಪ್‌ಲೋಡ್ ಗುಂಡಿ ಒತ್ತಿದರೆ ಮುಗಿಯಿತು. ಅವರ ಕಂಪ್ಯೂಟರಿನಲ್ಲೂ ನನ್ನದರಲ್ಲೂ ಇರುವುದು ಒಂದೇ ಆವೃತ್ತಿ.

ಅವರಿಗೂ ಆ ಚೌಕ ಕಾಣಿಸಿತು. ಫೋನ್ ಮಾಡಿದರು. ‘ಏನಮ್ಮಾ, ಇದು ಒತ್ತು ಒತ್ತು ಅಂತ ಪೀಡಿಸ್ತಾ ಇದೆ. ಒತ್ಲಾ? ನನ್ನ ಪುಟ ಹಾಗೇ ಇರುತ್ತೆ ತಾನೇ?’

‘ತಡೀರಿ ಸರ್, ಮೊದಲು ನಾನು ನೋಡ್ತೀನಿ’ ಅಂದೆ.

ಇಡೀ ಸೈಟಿನ ಫೋಲ್ಡರನ್ನು ಬೇರೊಂದು ಕಂಪ್ಯೂಟರಿಗೆ ಕಾಪಿ ಮಾಡಿದೆ. ಹೊಸ ಆವೃತ್ತಿಯ ಟ್ರಯಲ್ ಅಲ್ಲಿ ಹಾಕಿದೆ. ನನ್ನ ಪರೀಕ್ಷೆ ಬಹಳ ಸರಳ. ಒಂದು ಪುಟ ತೆರೆಯುತ್ತೇನೆ. ಸುಮ್ನೆ ಒಂದು ಖಾಲಿ ಜಾಗ ಒತ್ತಿ, ಅದನ್ನು ಅಳಿಸಿ, ಸೇವ್ ಮಾಡುತ್ತೇನೆ. ಅಂದರೆ ನನ್ನ ಕಡೆಯಿಂದ ಏನೂ ಬದಲಾಗಿಲ್ಲ. ಆಮೇಲೆ ಮೂಲ ಫೈಲನ್ನೂ ಇದನ್ನೂ ವಿನ್‌ಮರ್ಜ್‌ನಲ್ಲಿ ಅಕ್ಕಪಕ್ಕ ತೆರೆಯುತ್ತೇನೆ. ಎರಡು ಫೈಲ್‌ಗಳ ನಡುವೆ ಎಲ್ಲೆಲ್ಲಿ ವ್ಯತ್ಯಾಸ ಇದೆಯೋ ಆ ಸಾಲಿಗೆ ಬಣ್ಣ ಬಳಿದು ತೋರಿಸುವ ಉಚಿತ ಸಾಧನ ಅದು. ಎರಡೂ ಕಡೆ ಬಿಳಿಯಾಗಿಯೇ ಇದ್ದರೆ ಹೊಸ ಆವೃತ್ತಿ ನನ್ನ ಕೋಡನ್ನು ಮುಟ್ಟಿಲ್ಲ ಅಂತ ಅರ್ಥ.

ಬಿಳಿ ಎಲ್ಲಿಂದ ಬರಬೇಕು! ಪರದೆ ತುಂಬ ಹಳದಿ. ಸಾಲುಗಳ ಮುಂದಿನ ಖಾಲಿ ಜಾಗವನ್ನು ಅದು ತನಗೆ ಬೇಕಾದ ಹಾಗೆ ಜೋಡಿಸಿತ್ತು. ನಾನು ಒಂದೇ ಸಾಲಿನಲ್ಲಿ ಇಟ್ಟಿದ್ದನ್ನು ಮೂರು ಸಾಲು ಮಾಡಿತ್ತು. ಇದರಿಂದ ಪುಟ ಕಾಣುವುದರಲ್ಲಿ ವ್ಯತ್ಯಾಸ ಆಗುವುದು ಕಡಿಮೆ, ನಿಜ. ಆದರೆ ನಾಳೆ ಏನೋ ಕೆಟ್ಟು, ಯಾವ ಸಾಲು ಯಾವಾಗ ಬದಲಾಯಿತು ಅಂತ ಹುಡುಕಲು ಕೂತರೆ, ಬದಲಾಗದ ಸಾಲೇ ಸಿಗುವುದಿಲ್ಲ. ಈ ಜೋಡಿಸುವ ಚಾಳಿಯನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು. ನಿಲ್ಲಿಸಿದೆ. ಹಳದಿ ಸುಮಾರಾಗಿ ಇಳಿಯಿತು.

ಉಳಿದ ಹಳದಿಯಲ್ಲಿತ್ತು ನಿಜವಾದ ಪೇಚು. ಶಾಖದ ಪಾಠದ ಪುಟ ಅದು. ಮೇಷ್ಟ್ರು 30° ಅಂತ ಬರೆದ ಕಡೆಯಲ್ಲೆಲ್ಲ 30 ಮಾತ್ರ ಉಳಿದು, ಪಕ್ಕದಲ್ಲಿ ಕಪ್ಪು ವಜ್ರದಾಕಾರ, ಅದರೊಳಗೊಂದು ಪ್ರಶ್ನಾರ್ಥಕ ಚಿಹ್ನೆ ಕೂತಿತ್ತು. ಅಳತೆಯ ದೋಷ ತೋರಿಸುವ ± ಚಿಹ್ನೆಗೂ ಅದೇ ಗತಿ. ಅರ್ಧ ಅಂತ ಬರೆದ ½ಕ್ಕೂ ಅದೇ.

ಕಾರಣ ಹೀಗೆ. ಆ ಪುಟಗಳು ಬಹಳ ಹಳೆಯವು. ವಿಂಡೋಸ್-1252 ಎಂಬ ಹಳೆಯ ಎನ್‌ಕೋಡಿಂಗ್‌ನಲ್ಲಿ ಸೇವ್ ಆಗಿದ್ದವು. ಅಕ್ಷರಗಳನ್ನು ಬೈಟ್ ಎಂಬ ಕಂಪ್ಯೂಟರ್ ಅಂಕಿಗಳಾಗಿ ಬರೆದಿಡುವ ಪದ್ಧತಿಗೆ ಎನ್‌ಕೋಡಿಂಗ್ ಅನ್ನುತ್ತಾರೆ. ಅದರಲ್ಲಿ ಡಿಗ್ರಿ ಚಿಹ್ನೆಗೆ ಒಂದೇ ಬೈಟ್. ಈಗ ಎಲ್ಲರೂ ಬಳಸುವ ಯುಟಿಎಫ್-8ರಲ್ಲಿ ಅದಕ್ಕೆ ಎರಡು ಬೈಟ್ ಬೇಕು. ಹಳೆಯ ಪುಟದ ತಲೆಯಲ್ಲಿ ತಾನು ಯಾವ ಎನ್‌ಕೋಡಿಂಗ್ ಅಂತ ಹೇಳುವ ಸಾಲೇ ಇರಲಿಲ್ಲ. ಹಳೆಯ ಸಾಫ್ಟ್‌ವೇರ್ ಅದನ್ನು ವಿಂಡೋಸ್-1252 ಅಂತಲೇ ಊಹಿಸಿ ತೆರೆಯುತ್ತಿತ್ತು. ಹೊಸದು ಯುಟಿಎಫ್-8 ಅಂತ ಊಹಿಸಿತು. ಒಂಟಿ ಬೈಟ್ ಅದಕ್ಕೆ ಅರ್ಥವಾಗಲಿಲ್ಲ. ಅರ್ಥವಾಗದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಟ್ಟಿತು. ತೆರೆದು ನೋಡಿ ಹಾಗೇ ಮುಚ್ಚಿದ್ದರೆ ಏನೂ ನಷ್ಟವಿಲ್ಲ, ಮೂಲ ಬೈಟ್ ಫೈಲಿನಲ್ಲಿ ಭದ್ರವಾಗಿರುತ್ತದೆ. ಸೇವ್ ಮಾಡಿದಿರೋ, ಆ ಬೈಟ್ ಹೋಗಿ ಅದರ ಜಾಗಕ್ಕೆ ಪ್ರಶ್ನೆ ಚಿಹ್ನೆಯೇ ಬಂದು ಕೂರುತ್ತದೆ. ಅಲ್ಲಿ ಮೊದಲು ಡಿಗ್ರಿ ಇತ್ತೋ, ಅರ್ಧ ಇತ್ತೋ ಅಂತ ಆಮೇಲೆ ಯಾವ ಸಾಫ್ಟ್‌ವೇರೂ ಹೇಳಲಾರದು. ಮೇಷ್ಟ್ರೇ ಪ್ರತಿ ಲೆಕ್ಕವನ್ನೂ ಓದಿ ತುಂಬಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. (ಯೂನಿಕೋಡ್‌ಗೆ ಮೊದಲು ಕನ್ನಡದಲ್ಲಿ ಪುಟ ಮಾಡಿದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಅಪಾಯ ಒಂದೇ ಪುಟಕ್ಕೆ ನಿಲ್ಲುವುದಿಲ್ಲ. ಟೆಂಪ್ಲೇಟ್ ತಿದ್ದಿ ಸೇವ್ ಮಾಡಿದರೆ ‘ಇದನ್ನು ಬಳಸುವ ಎಲ್ಲ ಪುಟಗಳನ್ನೂ ಬದಲಿಸಲೇ?’ ಅಂತ ಸಾಫ್ಟ್‌ವೇರ್ ಕೇಳುತ್ತದೆ. ಹೌದು ಅಂದರೆ ಇಡೀ ಸೈಟಿನ ಪುಟಗಳನ್ನು ಒಂದೊಂದಾಗಿ ತೆರೆದು ಸೇವ್ ಮಾಡುತ್ತಾ ಹೋಗುತ್ತದೆ. ಒಂದು ಪುಟಕ್ಕೆ ಆದದ್ದು ಒಂದೇ ಏಟಿಗೆ ಎಲ್ಲ ಪುಟಗಳಿಗೂ ಆಗುತ್ತದೆ. ಮೇಷ್ಟ್ರು ತಮ್ಮಷ್ಟಕ್ಕೆ ಆ ಚೌಕ ಒತ್ತಿ, ಆ ಪ್ರಶ್ನೆಗೆ ಹೌದು ಅಂದಿದ್ದರೆ ಅಂತ ಯೋಚಿಸಿ ನೋಡಿ.

ಇದನ್ನು ಸರಿಪಡಿಸಲು ಬರುವುದಿಲ್ಲವೇ? ಬರುತ್ತದೆ. ಹಳೆಯ ಆವೃತ್ತಿಯಲ್ಲೇ ಪ್ರತಿ ಪುಟವನ್ನು ತೆರೆದು, ಎನ್‌ಕೋಡಿಂಗ್ ಯುಟಿಎಫ್-8 ಮಾಡಿ, ತಲೆಯಲ್ಲಿ ಆ ಸಾಲು ಸೇರಿಸಿ, ಮತ್ತೆ ಸೇವ್ ಮಾಡಿ, ಅದಾದ ಮೇಲೆ ಹೊಸ ಆವೃತ್ತಿಗೆ ಹೋಗಬೇಕು. ಈ ಕ್ರಮ ತಪ್ಪಬಾರದು. ಅಪ್‌ಗ್ರೇಡಿನ ತಯಾರಿ ಹಳೆಯ ಆವೃತ್ತಿಯಲ್ಲೇ ನಡೆಯಬೇಕು ಅನ್ನುವ ವಿಷಯ ನಿಮ್ಮ ಲೇಖನದಲ್ಲಿ ಬರಲೇ ಇಲ್ಲ. ಇನ್ನೊಂದು ಮಾತು. ಎಷ್ಟೋ ಸಾಫ್ಟ್‌ವೇರ್‌ಗಳು ಹೊಸದನ್ನು ಹಾಕುವಾಗ ಹಳೆಯದನ್ನು ತಾವೇ ತೆಗೆದುಹಾಕುತ್ತವೆ. ‘ಹಿಂದಿನ ಆವೃತ್ತಿ ತೆಗೆ’ ಅನ್ನುವ ಕಡೆ ಟಿಕ್ ಮೊದಲೇ ಬಿದ್ದಿರುತ್ತದೆ. ಅದನ್ನು ಹುಡುಕಿ ತೆಗೆಯದಿದ್ದರೆ ತಯಾರಿ ಮಾಡಿಕೊಳ್ಳಲು ಹಳೆಯದು ಇರುವುದೇ ಇಲ್ಲ.

ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಇದ್ದಾನೆ. ಅವನಿಗೆ ಈ ಸಾಫ್ಟ್‌ವೇರ್‌ಗಳೆಂದರೆ ನಗು. ‘ಅಕ್ಕಾ, ಹಳೇದೂ ಬೇಡ ಹೊಸದೂ ಬೇಡ. ವಿಎಸ್ ಕೋಡ್ ಹಾಕ್ಕೊಂಡು ಕೋಡ್ ಬರೆದುಬಿಡಿ’ ಅನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ವಿಎಸ್ ಕೋಡ್‌ನಂಥ ಬರೀ ಟೆಕ್ಸ್ಟ್ ಎಡಿಟರಿನಲ್ಲಿ ಬರೆದವನಿಗೆ ಆವೃತ್ತಿಯ ಚಿಂತೆ ಬಹಳ ಕಡಿಮೆ. ಆದರೆ ಮೇಷ್ಟ್ರ ಕೈಗೆ ವಿಎಸ್ ಕೋಡ್ ಕೊಡಲಾ? ಅವರು ಪಾಠ ಬರೆಯಬೇಕೋ, ಟ್ಯಾಗು ಮುಚ್ಚಿತಾ ಅಂತ ನೋಡುತ್ತಾ ಕೂರಬೇಕೋ? ಪುಟ ಹೇಗೆ ಕಾಣುತ್ತದೋ ಹಾಗೇ ತಿದ್ದಬಲ್ಲ ಸಾಫ್ಟ್‌ವೇರ್ ಹುಟ್ಟಿದ್ದೇ ಅವರಂಥವರಿಗಾಗಿ.

ಇಷ್ಟು ಓದಿ ಈಕೆ ಹಳೆಯದನ್ನು ತಬ್ಬಿಕೊಂಡು ಕೂತವಳು ಅಂತ ತೀರ್ಮಾನಿಸಬೇಡಿ. ಹೋಗಲೇಬೇಕಾದ ಸಮಯ ಬರುತ್ತದೆ. ಅದು ಬರುವುದು ಮಾತ್ರ ಜಾಹೀರಾತಿನ ಚೌಕದಿಂದಲ್ಲ.

ಹೆಚ್ಚಾಗಿ ಬರುವುದು ಕಂಪ್ಯೂಟರಿನ ಕಡೆಯಿಂದ. 2019ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿ ಮ್ಯಾಕ್‌ಓಎಸ್ ಕ್ಯಾಟಲಿನಾ ತಂದಾಗ 32-ಬಿಟ್ ಎಂಬ ಹಳೆಯ ಬಗೆಯ ಪ್ರೋಗ್ರಾಂಗಳು ಓಡುವುದೇ ನಿಂತಿತು. ಹಳೆಯ ಡಿಸೈನ್ ಸಾಫ್ಟ್‌ವೇರ್ ನೆಚ್ಚಿಕೊಂಡು ಸಿಸ್ಟಂ ಬದಲಿಸಿದವರು ತಲೆ ಮೇಲೆ ಕೈ ಹೊತ್ತು ಕೂತರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟರ್‌ನೆಟ್ಟಿಗೆ ಅಂಟಿಕೊಂಡ ಕಂಪ್ಯೂಟರಿನ ಸಿಸ್ಟಂ ಹಳೆಯದಾಗಬಾರದು. ಅದು ಬದಲಾದಾಗ ಅದರ ಮೇಲಿನ ಸಾಫ್ಟ್‌ವೇರೂ ಬದಲಾಗಬೇಕಾದರೆ ಆಗಲಿ.

ಸರ್ವರ್ ಕಡೆಯಿಂದಲೂ ಬರುತ್ತದೆ. ಫೈಲ್ ಕಳಿಸಲು ಬಳಸುವ ಎಸ್‌ಎಫ್‌ಟಿಪಿಯಲ್ಲಿ ಎರಡೂ ಕಡೆಯವರು ಒಪ್ಪುವ ಗೂಢಲಿಪಿಯ ಪದ್ಧತಿ ಇರಬೇಕು. ಹಳೆಯ ಪದ್ಧತಿಗಳು ದುರ್ಬಲ ಅಂತ ಕಂಡುಬಂದಾಗ ಸರ್ವರ್‌ನವರು ಅವನ್ನು ನಿಲ್ಲಿಸುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8 (ಸರ್ವರ್‌ಗಳಲ್ಲಿ ಈ ಸಂಪರ್ಕ ನಡೆಸುವ ಸಾಫ್ಟ್‌ವೇರ್), ಗುರುತು ಖಚಿತಪಡಿಸುವ ಹಳೆಯ ಪದ್ಧತಿಯಾದ ಎಸ್‌ಎಚ್‌ಎ-1 ಬಳಸುವ ಆರ್‌ಎಸ್‌ಎ ಸಹಿಗಳನ್ನು ತಾನಾಗಿಯೇ ಒಪ್ಪುವುದನ್ನು ಬಿಟ್ಟಿತು. ಅಷ್ಟೇ ಗೊತ್ತಿದ್ದ ಹಳೆಯ ಸಾಫ್ಟ್‌ವೇರ್ ಆಮೇಲೆ ಬಾಗಿಲಲ್ಲೇ ನಿಲ್ಲಬೇಕು. ಹಾಗಂತ ಇದೊಂದಕ್ಕೇ ಅಪ್‌ಗ್ರೇಡ್ ಮಾಡಬೇಕಾಗಿಲ್ಲ. ಫೈಲ್ ಕಳಿಸುವ ಕೆಲಸವನ್ನು ಫೈಲ್‌ಜಿಲ್ಲಾದಂಥ ಬೇರೆ ಉಚಿತ ಸಾಧನಕ್ಕೆ ವಹಿಸಬಹುದು. ನಾನು ಎಷ್ಟೋ ಸೈಟುಗಳಿಗೆ ಹಾಗೇ ಮಾಡುತ್ತೇನೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಕಾರಣ ಸಾಫ್ಟ್‌ವೇರ್ ಸುಳ್ಳು ತೋರಿಸಲು ಶುರುಮಾಡುವುದು. 2017ರ ಮಾರ್ಚ್‌ನಲ್ಲಿ ಕ್ರೋಮ್ 57, ಫೈರ್‌ಫಾಕ್ಸ್ 52 ಎರಡಕ್ಕೂ ಸಿಎಸ್‌ಎಸ್ ಗ್ರಿಡ್ ಬಂತು. ಪುಟವನ್ನು ಅಡ್ಡ ಉದ್ದ ಮನೆಗಳಾಗಿ ಹಂಚುವ ಪದ್ಧತಿ ಅದು. ಅದಕ್ಕೆ ಮೊದಲು ತಯಾರಾದ ಸಾಫ್ಟ್‌ವೇರಿಗೆ ಗ್ರಿಡ್ ಅಂದರೇನೇ ಗೊತ್ತಿಲ್ಲ. ಬ್ರೌಸರಿನಲ್ಲಿ ಮೂರು ಕಾಲಂ ಚೆಂದಾಗಿ ನಿಂತಿರುತ್ತವೆ, ಡಿಸೈನ್ ಪರದೆಯಲ್ಲಿ ಎಲ್ಲ ಒಂದರ ಕೆಳಗೊಂದು ಬಿದ್ದಿರುತ್ತದೆ. ಕಣ್ಣಿಗೆ ಕಂಡ ಹಾಗೆ ತಿದ್ದಲೆಂದೇ ಇಟ್ಟುಕೊಂಡ ಸಾಫ್ಟ್‌ವೇರಿನಲ್ಲಿ ಕಣ್ಣಿಗೆ ಕಂಡದ್ದೇ ಸುಳ್ಳಾದರೆ ಇಟ್ಟುಕೊಂಡು ಏನು ಮಾಡುವುದು? ಹೊಸ ಸೈಟುಗಳಿಗೆ ಹೊಸ ಆವೃತ್ತಿ ಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಹಳೆಯದನ್ನು ಇಟ್ಟುಕೊಳ್ಳುವುದೂ ಪೂರ್ತಿ ನಮ್ಮ ಕೈಯಲ್ಲಿಲ್ಲ. ಡಿಸ್ಕ್ ಇದೆ, ನಂಬರ್ ಇದೆ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಹಾಕುವಾಗ ಕಂಪನಿಯ ಸರ್ವರ್ ಕೇಳಿ ಒಪ್ಪಿಗೆ ಪಡೆಯುವ ಸಾಫ್ಟ್‌ವೇರ್ ಆದರೆ, ಆ ಸರ್ವರ್ ನಿಂತ ದಿನ ಕಥೆ ಮುಗಿಯಿತು. ಅಡೋಬಿ ತನ್ನ ಸಿಎಸ್2 ಸಾಫ್ಟ್‌ವೇರ್‌ಗಳ ಆಕ್ಟಿವೇಷನ್ ಸರ್ವರ್ ನಿಲ್ಲಿಸಿದಾಗ, ಕೊಂಡವರಿಗಾಗಿ ಆಕ್ಟಿವೇಷನ್ ಬೇಡದ ಪ್ರತಿಯನ್ನು ಕೊಟ್ಟಿತು. ಎಲ್ಲ ಕಂಪನಿಗಳೂ ಹಾಗೆ ಕೊಡುತ್ತವೆ ಅಂತ ನಂಬಿಕೊಂಡು ಕೂರಲಾಗುವುದಿಲ್ಲ. ಬಾಡಿಗೆ ಪದ್ಧತಿ ಬಂದ ಮೇಲಂತೂ ಇದು ಇನ್ನೂ ಬಿಗಿಯಾಗಿದೆ. 2013ರಿಂದ ಡ್ರೀಮ್‌ವೀವರ್, ಫೋಟೋಶಾಪ್‌ನಂಥ ಅಡೋಬಿ ಸಾಫ್ಟ್‌ವೇರ್‌ಗಳ ಹೊಸ ಆವೃತ್ತಿಗಳು ಚಂದಾ ಕಟ್ಟಿದವರಿಗೆ ಮಾತ್ರ. ಬ್ರೌಸರಿನಲ್ಲೇ ತೆರೆದುಕೊಳ್ಳುವ ಡಿಸೈನ್ ಸಾಧನಗಳಲ್ಲಿ ಆವೃತ್ತಿಯ ಆಯ್ಕೆಯೇ ಇಲ್ಲ. ರಾತ್ರಿ ಮಲಗುವಾಗ ಇದ್ದ ಗುಂಡಿ ಬೆಳಗ್ಗೆ ಬೇರೆ ಕಡೆ ಇರುತ್ತದೆ. ಅದಕ್ಕೆ ಏನೂ ಮಾಡಲಾಗದು, ಬಿಡಿ.

ಹಾಗಾಗಿ ಹಳೆಯದೋ ಹೊಸದೋ ಅಂತ ಕೇಳುವ ಮೊದಲು ನಾನು ಬೇರೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನನ್ನ ಕೆಲಸದ ಮೂಲಪ್ರತಿ ಯಾವ ರೂಪದಲ್ಲಿದೆ? ಈ ಸಾಫ್ಟ್‌ವೇರ್ ಇಲ್ಲದಿದ್ದರೂ ಅದನ್ನು ತೆರೆಯಬಹುದಾ? ಮೈಕ್ರೋಸಾಫ್ಟ್‌ನ ಫ್ರಂಟ್‌ಪೇಜ್ 2003ರ ಆವೃತ್ತಿಗೇ ಕೊನೆಯಾಯಿತು. ಅದರಲ್ಲಿ ಮಾಡಿದ ಪುಟಗಳು ಎಚ್‌ಟಿಎಂಎಲ್ ಆಗಿದ್ದರಿಂದ ಇವತ್ತೂ ತೆರೆದುಕೊಳ್ಳುತ್ತವೆ. ಕೈಕೊಟ್ಟಿದ್ದು ಅದರ ಫಾರಂ, ಭೇಟಿ ಎಣಿಸುವ ಕೌಂಟರ್‌ನಂಥವು. ಅವಕ್ಕೆ ಸರ್ವರಿನಲ್ಲಿ ಫ್ರಂಟ್‌ಪೇಜ್ ಎಕ್ಸ್‌ಟೆನ್ಶನ್ಸ್ ಬೇಕಿತ್ತು. ಅಡೋಬಿ ಮ್ಯೂಸ್‌ನ ಕಥೆ ಇನ್ನೂ ಕಷ್ಟದ್ದು. ಕೋಡ್ ಬೇಡ, ಚಿತ್ರ ಬಿಡಿಸಿದ ಹಾಗೆ ಪುಟ ಬಿಡಿಸಿ ಅಂತ ಬಂದ ಸಾಧನ ಅದು. ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ ಅಂತ 2018ರ ಮಾರ್ಚ್‌ನಲ್ಲಿ ಹೇಳಿದರು, 2020ರ ಮಾರ್ಚ್‌ಗೆ ಬೆಂಬಲ ನಿಂತಿತು. ಮೂಲಪ್ರತಿ ಇದ್ದದ್ದು ಮ್ಯೂಸ್‌ಗೆ ಮಾತ್ರ ಅರ್ಥವಾಗುವ ಫೈಲಿನಲ್ಲಿ. ಅದು ಹೊರಹಾಕಿದ ಎಚ್‌ಟಿಎಂಎಲ್ ಯಂತ್ರ ಬರೆದದ್ದು, ಮನುಷ್ಯರು ಕೂತು ತಿದ್ದುವಂಥದ್ದಲ್ಲ. ಅಂಥ ಸಾಧನ ಬಳಸುವವರು ಕೊನೆಯ ಆವೃತ್ತಿ ಹಾಕಿಕೊಂಡರೂ ಒಂದೇ, ಬಿಟ್ಟರೂ ಒಂದೇ.

ಮೇಷ್ಟ್ರ ಸೈಟಿನ ವಿಷಯದಲ್ಲಿ ನನ್ನ ತೀರ್ಮಾನ ಇಷ್ಟು. ಅವರ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿಯೇ ಇರಲಿ. ಆ ಚೌಕ ಬರದಂತೆ ಮಾಡಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಎರಡೂ ಇರುತ್ತವೆ. ಹೊಸ ಸೈಟುಗಳು ಹೊಸದರಲ್ಲಿ, ಅವರ ಪುಟಗಳ ಎನ್‌ಕೋಡಿಂಗ್ ಬದಲಿಸುವ ಕೆಲಸ ಹಳೆಯದರಲ್ಲಿ ಬಿಡುವಾದಾಗ. ಶಾಖದ ಪಾಠ ಮುಗಿದಿದೆ, ಬೆಳಕಿನ ಪಾಠ ನಡೆಯುತ್ತಿದೆ. ಎಲ್ಲ ಪುಟವೂ ಯುಟಿಎಫ್-8 ಆದ ದಿನ ಅವರಿಗೂ ಹೊಸದನ್ನು ಹಾಕಿಕೊಡುತ್ತೇನೆ. ಇಷ್ಟು ನಿಧಾನ ಯಾಕೆ ಅಂತ ಆ ಹುಡುಗ ಕೇಳುತ್ತಾನೆ. ಸ್ಕ್ರಿಪ್ಟ್ ಬರೆದು ಒಂದೇ ಸಲಕ್ಕೆ ಬದಲಿಸಬಹುದು ಅನ್ನುತ್ತಾನೆ. ಬದಲಿಸಬಹುದು, ಆದರೆ ಕೆಲವು ಪುಟಗಳು ಆಗಲೇ ಯುಟಿಎಫ್-8ರಲ್ಲಿವೆ. ಯಾವುದು ಯಾವುದರಲ್ಲಿದೆ ಅಂತ ನೋಡದೆ ಎಲ್ಲಕ್ಕೂ ಒಂದೇ ಸ್ಕ್ರಿಪ್ಟ್ ಓಡಿಸಿದರೆ ಸರಿ ಇದ್ದವೂ ಕೆಡುತ್ತವೆ. ಮೊದಲು ವಿಂಗಡಿಸುವ ಸ್ಕ್ರಿಪ್ಟ್ ಬರೆದು ತೋರಿಸು ಅಂದಿದ್ದೇನೆ. ಬರೆಯುತ್ತಿದ್ದಾನೆ.

ಸಂಪಾದಕರೇ, ಪತ್ರ ಉದ್ದವಾಯಿತು, ಕತ್ತರಿ ನಿಮ್ಮ ಕೈಯಲ್ಲೇ ಇದೆ. ಆದರೆ ಒಂದು ಕೋರಿಕೆಯನ್ನು ಮಾತ್ರ ಕತ್ತರಿಸಬೇಡಿ. ಮುಂದಿನ ಸಲ ಯಾವುದಾದರೂ ಡಿಸೈನ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಗ್ಗೆ ನಿಮ್ಮ ಪುಟದಲ್ಲಿ ಬರೆಸುವಾಗ, ಹಿಂದಿನ ಆವೃತ್ತಿಯಲ್ಲಿದ್ದ ಏನೇನನ್ನು ತೆಗೆದಿದ್ದಾರೆ ಅಂತಲೂ ಬರೆಸಿ. ಹೊಸದರಲ್ಲಿ ಸೇವ್ ಮಾಡಿದ ಫೈಲ್ ಹಳೆಯದರಲ್ಲಿ ತೆರೆಯುತ್ತದಾ, ಎರಡೂ ಆವೃತ್ತಿ ಒಂದೇ ಕಂಪ್ಯೂಟರಿನಲ್ಲಿ ಇರಬಹುದಾ ಅಂತ ತಿಳಿಸಿ. ಕಂಪನಿ ಕೊಟ್ಟ ಪ್ರಕಟಣೆಯಲ್ಲಿ ಇದು ಇರುವುದಿಲ್ಲ. ನಿಮ್ಮವರು ಒಂದು ಹಳೆಯ ಪುಟ ತೆರೆದು, ಸೇವ್ ಮಾಡಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕಾಪಿ ಮಾಡಿದ ಪುಟವನ್ನು ಅಂತ ಹೇಳಬೇಕಾಗಿಲ್ಲ, ಅಲ್ವಾ?

ಇಂತಿ,
ನಿಮ್ಮ ಕಾಯಂ ಓದುಗಳು, ಒಬ್ಬ ವೆಬ್ ಡಿಸೈನರ್